ಮರ್ವ್ ಪ್ಯಾಸ್ಕೋನ ಬಣವೆಯ ಘಮಲು

ಹಸುಗಳು ತಿನ್ನುತ್ತಿದ್ದವು. ಬ್ರೋನ್ವಿನ್‌ಗೆ ತಲೆಬುಡ ತಿಳಿಯದಿದ್ದದ್ದೇ ಅದು. ಮೂತಿ ತಿರುಗಿಸಿ ನಿಂತಿದ್ದರೆ ಮೇವು ಸೇರಲಿಲ್ಲ ಎಂದಾದರೂ ಅಂದುಕೊಳ್ಳಬಹುದಿತ್ತು. ಇವೋ, ಮೇವಿನ ಗಾಡಿಯ ಸದ್ದು ಕೇಳಿದರೆ ಸಾಕು, ಮೊದಲ ಪಂಕ್ತಿಗೆ ನುಗ್ಗುವ ನೆಂಟರ ಹಾಗೆ ಒಂದನ್ನೊಂದು ದಬ್ಬಿಕೊಂಡು ಬರುತ್ತಿದ್ದವು. ಮಂದೆಗೆ ಮುಂದಾಳಾದ ಪ್ಯಾನ್ಸಿಯಂತೂ, ಹಸಿ ಹುಲ್ಲನ್ನು ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ರಸಮೇವು ನೆಲಕ್ಕೆ ಬೀಳುವ ಮೊದಲೇ ಗಾಡಿಯ ಅಂಚಿಗೆ ನಾಲಿಗೆ ಹಾಕುತ್ತಿತ್ತು. ಹಾಕಿದ್ದೆಲ್ಲ ಖಾಲಿ, ನೆಲವೂ ನೆಕ್ಕಿ ಚೊಕ್ಕಟ. ಆದರೆ ಬೆಳಗ್ಗೆ ಹಾಲಿನ ಟ್ಯಾಂಕಿಗೆ ಅಳತೆಗೋಲು ಇಳಿಸಿದರೆ ಮೊನ್ನೆಗಿಂತ ನಿನ್ನೆ ಕಡಿಮೆ, ನಿನ್ನೆಗಿಂತ ಇವತ್ತು ಕಡಿಮೆ.

ಮಾರ್ಚಿನಲ್ಲಿ ಕರು ಹಾಕಿದ ಹಸು ಏಪ್ರಿಲಿನಲ್ಲಿ ಹಾಲು ಏರಿಸಬೇಕು. ಮೆಲ್ಬರ್ನ್ ಊರಿನಾಚೆ ಗಿಪ್ಸ್‌ಲ್ಯಾಂಡಿನ ಈ ಗುಡ್ಡಗಳಲ್ಲಿ ಹುಟ್ಟಿದ ಚಿಕ್ಕ ಮಗುವಿಗೂ ಅದು ಗೊತ್ತು. ಹೊಟ್ಟೆ ಬಿರಿಯ ತಿಂದು ಹಾಲು ಇಳಿಸುವ ಹಸುವನ್ನು ಏನೆಂದು ಬೈಯಬೇಕು, ನೀವೇ ಹೇಳಿ!

ಬೈಗುಳವೇನೋ ಧಾರಾಳವಾಗಿ ಬೀಳುತ್ತಿತ್ತು, ಆದರೆ ಹಸುವಿಗಲ್ಲ. ಬ್ರೋನ್ವಿನ್‌ಳ ಅಪ್ಪ ಮರ್ವ್ ಪ್ಯಾಸ್ಕೋ ದಿನಾ ಬೆಳಗ್ಗೆ ಟೀ ಲೋಟ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಮಂಡಿ ಕೊಯ್ಯಿಸಿಕೊಂಡ ಮೇಲೆ ಹಾಲು ಕರೆಯುವ ಕೆಲಸ ಅವನಿಂದಾಗದು. ಬಾಯಿಗೆ ಮಾತ್ರ ಯಾವ ಡಾಕ್ಟರೂ ಕತ್ತರಿ ಹಾಕಿರಲಿಲ್ಲ. ಅವನ ಹೆಂಡತಿ ಐದು ವರ್ಷದ ಹಿಂದೆಯೇ "ಇನ್ನು ಹಸುವಿನ ಬಾಲ ನೋಡೋಕೆ ನನ್ನಿಂದಾಗಲ್ಲ" ಎಂದು ಕಡಲ ದಂಡೆಯ ಊರಿನಲ್ಲಿರುವ ತಂಗಿಯ ಮನೆ ಸೇರಿಕೊಂಡಿದ್ದಳು. ಹಾಗಾಗಿ ಕೆಣಕಲು ಅವನಿಗೆ ಉಳಿದವಳು ಮಗಳೊಬ್ಬಳೇ.

ಫೆಬ್ರವರಿಯಲ್ಲಿ ಅವನೇ ಒಂದು ಪಂಥ ಕಟ್ಟಿದ್ದ.

"ಮೇ ತಿಂಗಳವರೆಗೆ ಹಸುಗಳು ನಿನ್ನ ಕೈಲಿ. ನಮ್ಮ ರಸಮೇವಲ್ಲೇ ಹಾಲು ಏರಿಸಿ ತೋರ್ಸು, ಅಷ್ಟೂ ಹಸು ನಿಂದೇ. ಆಗ್ಲಿಲ್ವಾ, ಲಾಕಿ ಹ್ಯಾಲೊರನ್‌ನ ಕರೆಸಿ ಮಾರಿ ಕೈ ತೊಳ್ಕೊಳ್ತೀನಿ. ಚೀಲದ ಹಿಂಡಿ ಸುರಿದು ಹಾಲು ತೆಗೆಯೋದೇನು ಮಹಾ, ಅದನ್ನ ಪೋಸ್ಟ್‌ಮ್ಯಾನೂ ಮಾಡ್ತಾನೆ."

ಲಾಕಿ ಎಂದರೆ ದನದ ದಲ್ಲಾಳಿ. ಅವನ ಗಾಡಿ ಯಾರ ಅಂಗಳಕ್ಕೆ ಬಂದರೂ ಆ ಮನೆಯ ಹಸುಗಳ ಬೆನ್ನಿಗೆ ಮಾರಾಟದ ಬಣ್ಣದ ಗುರುತು ಬಿತ್ತೆಂದೇ ಲೆಕ್ಕ. ಬ್ರೋನ್ವಿನ್ ಹದಿನೆಂಟು ವರ್ಷ ಬೇರೆಯವರ ಕೊಟ್ಟಿಗೆಗಳಲ್ಲಿ ದುಡಿದು ಬಂದವಳು. ಈ ಮಂದೆಯ ಅಜ್ಜಿ ಹಸುಗಳನ್ನೂ ಹೆಸರು ಹಿಡಿದು ಕರೆದವಳು. ಕಣ್ಣು ಮುಚ್ಚಿಕೊಂಡು ಕೆಚ್ಚಲು ಮುಟ್ಟಿದರೆ ಇದು ಪ್ಯಾನ್ಸಿ, ಇದು ಪ್ಯಾನ್ಸಿಯ ಮಗಳು ಎಂದು ಹೇಳಬಲ್ಲವಳು. ಇವುಗಳ ಬೆನ್ನಿಗೆ ಬಣ್ಣ ಬೀಳುವುದನ್ನು ನೆನೆಸಿಕೊಂಡರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಪಂಥಕ್ಕೆ ತಲೆಯಾಡಿಸಿದ್ದಳು, ಯಾಕೆಂದರೆ ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯವಿತ್ತು. ರಸಮೇವು ಅಪ್ಪನದು, ಅಪ್ಪನ ರಸಮೇವಿಗೆ ಕಣಿವೆಯಲ್ಲೇ ಸಾಟಿ ಇರಲಿಲ್ಲ.

ಮರ್ವ್ ಪ್ಯಾಸ್ಕೋನ ಮೂಗಿನ ವಿಷಯ ಇಲ್ಲಿ ಹೇಳಲೇಬೇಕು. ಯಾರ ಬಣವೆಯೇ ಆಗಲಿ, ಒಂದು ಹಿಡಿ ಕಿತ್ತು ಮೂಗಿಗೆ ಹಿಡಿದರೆ ಸಾಕು, ಇದು ಹುಳಿ, ಇದು ಮುಗ್ಗಲು, ಇದು ಪರವಾಗಿಲ್ಲ ಎಂದು ತೀರ್ಪು ಕೊಡುತ್ತಿದ್ದ. ಅವನದೇ ಬಣವೆ ತೆರೆದ ದಿನ ಮಾತ್ರ ಗಾಳಿಯಲ್ಲಿ ಕಾಸಿದ ಸಕ್ಕರೆ, ಒಳ್ಳೆ ಹೊಗೆಸೊಪ್ಪು, ಬೇಕರಿಯ ಬಾಗಿಲು, ಎಲ್ಲ ಕೂಡಿದ ಒಂದು ಘಮಲು. ಬಣ್ಣವೂ ಹಸಿರಲ್ಲ, ಹದವಾದ ಕಂದು. ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಮೂಸಿ ಹೋಗುತ್ತಿದ್ದರೆಂದರೆ ನೀವು ನಂಬಬೇಕು. ಈ ವರ್ಷವಂತೂ ಆ ಘಮಲು ಹಿಂದೆಂದೂ ಇಲ್ಲದಷ್ಟು ಗಾಢವಾಗಿತ್ತು. "ನನ್ನ ಜೀವಮಾನದ ಬಣವೆ ಕಣೆ ಇದು," ಎಂದಿದ್ದ ಮರ್ವ್.

ಮೂಗನ್ನು ನಂಬಿ ಸುಮ್ಮನಿರಲಿಲ್ಲ ಬ್ರೋನ್ವಿನ್. ಮೇವಿನ ಲೆಕ್ಕ ಹೇಳುವ ಇಂಗ್ರಿಡ್ ಎಂಬಾಕೆಯನ್ನು ಕರೆಸಿ, ಮಾದರಿ ತೆಗೆಸಿ, ಪರೀಕ್ಷೆಗೂ ಕಳಿಸಿದ್ದಳು. ಪ್ರೋಟೀನು ನೂರಕ್ಕೆ ಹದಿನಾರು ಎಂದು ಬಂತು. ತುಂಬು ಹಾಲಿನ ಹಸುವಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. "ಇದರ ಮೇಲೆ ಕರೆಯೋ ಹೊತ್ತಲ್ಲಿ ಒಂದಿಷ್ಟು ಬಾರ್ಲಿ ಕೊಟ್ರೆ ಸಾಕು, ಹಿಂಡಿ ಬೇಕಾಗಲ್ಲ," ಎಂದಳು ಇಂಗ್ರಿಡ್. ಮೂಗೂ ಹೂಂ ಅಂದಿತು, ಪರೀಕ್ಷೆಯೂ ಹೂಂ ಅಂದಿತು, ಹಸುವೂ ನೆಕ್ಕಿಕೊಂಡು ತಿಂದಿತು. ಹಾಲೊಂದು ಊಹೂಂ ಅಂದಿತು.

ಅವಳು ಹುಡುಕದ ಜಾಗವಿಲ್ಲ. ಜಂತು ಇರಬಹುದೆಂದು ಔಷಧಿ ಹಾಕಿದಳು. ನೀರಿನ ತೊಟ್ಟಿಗಳನ್ನು ತಿಕ್ಕಿದಳು. ಕೊಟ್ಟಿಗೆಯ ಕಬ್ಬಿಣಕ್ಕೆ ಎಲ್ಲಿಂದಲೋ ಕರೆಂಟು ಸೋರಿ ಹಸುಗಳಿಗೆ ಚುರುಗುಟ್ಟಿಸುತ್ತಿರಬಹುದೆಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಅವನು ಅರ್ಧ ದಿನ ತಂತಿ ಚುಚ್ಚಿ ನೋಡಿ, ಕೇಕು ತಿಂದು, ಏನೂ ಇಲ್ಲವೆಂದು ಹೋದ. ಬಾರ್ಲಿ ಹೆಚ್ಚಿಸಿದಳು. ಹಾಲು ಮತ್ತೂ ಇಳಿಯಿತು. ಹಸುಗಳ ಸಗಣಿ ಹಸಿರು ಮೇವಿನ ದಿನಗಳಲ್ಲಿ ಪಿಚಕ್ಕನೆ ಹರಡುವಂಥದ್ದು, ಈಗ ಬೆರಣಿಗೆ ಕಲಸಿಟ್ಟ ಹಾಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಪ್ಯಾನ್ಸಿಯ ಪಕ್ಕೆಲುಬು ಕಾಣತೊಡಗಿತು.

"ಹಸುಗಳಿಗೆ ನಿನ್ನ ಮುಖ ಹಿಡಿಸಿಲ್ಲ ಕಣೆ," ಎಂದ ಮರ್ವ್ ಬಾಗಿಲಿನಿಂದ. "ಸ್ವಲ್ಪ ನಗ್ತಾ ಕರಿ."

"ನೀನು ಬಾಗಿಲು ಬಿಟ್ಟು ಹೋದ್ರೆ ನಗ್ತೀನಿ."

"ಮೇವು ಇಂಥದ್ದು ಕೊಟ್ಟಿದ್ದೀನಿ, ಬಂಗಾರದಂಥದ್ದು. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

"ನಾನೆಲ್ಲಿ ನೆಲ ಡೊಂಕು ಅಂದೆ? ನಂಗೆ ಅರ್ಥ ಆಗ್ತಿಲ್ಲ ಅಂದೆ ಅಷ್ಟೇ!" ಎಂದು ಕಿರುಚಿದಳು. ಪ್ಯಾನ್ಸಿ ಬೆಚ್ಚಿ ಒದೆಯಿತು.

ಹಾಲಿನ ಕಾರ್ಖಾನೆಯವರು ಪ್ರತಿ ಸಲ ಹಾಲು ಒಯ್ದ ಮೇಲೆ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಫೋನಿಗೆ ಕಳಿಸುತ್ತಾರೆ. ಅದರಲ್ಲಿ ಯೂರಿಯಾ ಎಂಬುದೊಂದಿದೆ. ಹಸುವಿಗೆ ಪ್ರೋಟೀನು ಹೆಚ್ಚಾದರೆ ಅದು ಏರುತ್ತದೆ, ಸಾಲದಿದ್ದರೆ ಇಳಿಯುತ್ತದೆ. ಬ್ರೋನ್ವಿನ್ ಅದನ್ನು ಫೋನಿನಲ್ಲಿ ಇಂಗ್ರಿಡ್‌ಗೆ ಓದಿ ಹೇಳಿದಳು.

"ಇದು ಬರೀ ಒಣಹುಲ್ಲು ತಿನ್ನೋ ಹಸುಗಳ ಲೆಕ್ಕ ಆಯ್ತಲ್ಲ, ಬ್ರೋನ್. ನೀನು ಹಾಕ್ತಿರೋದು ಅದೇ ಬಣವೇದು ತಾನೇ?"

"ಮತ್ತಿನ್ಯಾವ ಬಣವೆ ಇದೆ ನನ್ನ ಹತ್ರ?"

"ಮೇವಲ್ಲಿ ಹದಿನಾರಿದೆ. ಹಾಲಲ್ಲಿ ಅದರ ಸುಳಿವೇ ಇಲ್ಲ. ನಂಗೂ ಗೊತ್ತಾಗ್ತಿಲ್ಲಮ್ಮ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಾಯಲ್ಲಿ ಒಳಗೆ ಹೋಗುವ ಹದಿನಾರು ಹಾಲಿಗೂ ಬರಲಿಲ್ಲ, ಮೈಗೂ ಹತ್ತಲಿಲ್ಲ ಎಂದರೆ ಎಲ್ಲಿಗೆ ಹೋಯಿತು? ಗೂಟಕ್ಕೆ ಹೋಯಿತೇ, ಗಾಳಿಗೆ ಹೋಯಿತೇ? ಬ್ರೋನ್ವಿನ್ ಬೇಲಿ ಕಟ್ಟುತ್ತ ಇದನ್ನೇ ಯೋಚಿಸಿದಳು, ಕರುಗಳಿಗೆ ಹಾಲು ಕುಡಿಸುತ್ತ ಇದನ್ನೇ ಯೋಚಿಸಿದಳು. ಒಮ್ಮೆ ಪ್ಯಾನ್ಸಿಯ ಕಣ್ಣಿಗೆ ಕಣ್ಣಿಟ್ಟು "ಎಲ್ಲಿ ಬಚ್ಚಿಟ್ಟಿದ್ದೀಯೇ?" ಎಂದೂ ಕೇಳಿದಳು. ನಗಬೇಡಿ, ಅವಳ ಜಾಗದಲ್ಲಿ ನೀವಿದ್ದರೂ ಕೇಳುತ್ತಿದ್ದಿರಿ.

ಏಪ್ರಿಲ್ ಇಪ್ಪತ್ತೈದು ಬಂತು, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜ್ಯಾಕ್ ದಿನ. ಮರ್ವ್ ನಸುಕಿಗೇ ಎದ್ದು, ತನ್ನ ಅಪ್ಪನ ಪದಕಗಳನ್ನು ಎದೆಯ ಬಲಕ್ಕೆ ಚುಚ್ಚಿಕೊಂಡು ಪೇಟೆಯ ಸ್ಮಾರಕಕ್ಕೆ ಹೋಗಿದ್ದ. ಪ್ರಾರ್ಥನೆ ಮುಗಿದ ಮೇಲೆ ಸಭಾಂಗಣದಲ್ಲಿ ಟೀ. ಅದಕ್ಕೆ ಪ್ಯಾಸ್ಕೋ ಮನೆಯಿಂದ ಓಟ್ಸ್ ಬಿಸ್ಕತ್ತು ಹೋಗಬೇಕು, ತಲೆತಲಾಂತರದಿಂದ ಹೋಗುತ್ತಿದೆ. ಬ್ರೋನ್ವಿನ್ ಹಾಲು ಕರೆದು ಬಂದು, ಓಟ್ಸು, ಕೊಬ್ಬರಿ, ಬೆಣ್ಣೆ, ಸಕ್ಕರೆಪಾಕ ಕಲಸಿ ತಟ್ಟಿ ಒಲೆಯೊಳಗಿಟ್ಟಳು. ಇಟ್ಟು ಹದಿನಾರರ ಬಗ್ಗೆ ಯೋಚಿಸುತ್ತ ಕೂತುಬಿಟ್ಟಳು.

ಮೂಗಿಗೆ ಬಣವೆಯ ಘಮಲು ಬಡಿಯಿತು. ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಬಣವೆ ಇರುವುದು ಗುಡ್ಡದ ಆಚೆ ಬದಿಗೆ. ಅವಳ ಬಟ್ಟೆಯಿಂದ ಬರುತ್ತಿದೆಯೇ ಎಂದು ತೋಳು ಮೂಸಿದಳು. ಇಲ್ಲ, ಒಲೆಯಿಂದ. ಎದ್ದು ಬಾಗಿಲು ತೆಗೆದರೆ ಬಿಸ್ಕತ್ತುಗಳು ಕಂದು ದಾಟಿ ಕರ್ರಗಾಗತೊಡಗಿದ್ದವು. ಅದೇ ಕಾಸಿದ ಸಕ್ಕರೆ, ಅದೇ ಹೊಗೆಸೊಪ್ಪು, ಅದೇ ಬೇಕರಿಯ ಬಾಗಿಲು. ತಟ್ಟೆಯನ್ನು ಕೈಯಲ್ಲಿ ಹಿಡಿದು ಅವಳು ಬೆಪ್ಪಾಗಿ ನಿಂತಳು. ಬಟ್ಟೆಯ ಮೂಲಕ ಬೆರಳು ಸುಡುತ್ತಿದ್ದುದೂ ತಡವಾಗಿ ಗೊತ್ತಾಯಿತು.

ಇಂಗ್ರಿಡ್‌ಗೆ ರಜೆಯ ದಿನವೆಂಬುದನ್ನೂ ನೋಡದೆ ಫೋನ್ ಮಾಡಿದಳು.

"ಇಂಗ್ರಿಡ್, ಪ್ರೋಟೀನು ಸುಟ್ಟು ಹೋಗುತ್ತಾ?"

"ಏನು?"

"ಬಣವೆ ಒಳಗೇ ಬಿಸಿಯಾಗಿ ಬೆಂದು ಹೋಗಿದ್ರೆ? ಬಿಸ್ಕತ್ತು ಬೇಯೋ ಹಾಗೆ?"

ಆ ಕಡೆಯಿಂದ ಹಣೆ ಚಚ್ಚಿಕೊಂಡ ಸದ್ದು ನಿಜವಾಗಿಯೂ ಕೇಳಿಸಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಕಂದು ಬಣ್ಣ ಕಣ್ಣಾರೆ ನೋಡಿದ್ದೆನಲ್ಲೇ! ಬೆಂದ ಪ್ರೋಟೀನು ಸಕ್ಕರೆಗೆ ಅಂಟಿಕೊಂಡು ಗಂಟಾಗಿ ಹೋಗುತ್ತೆ ಬ್ರೋನ್. ಪರೀಕ್ಷೇಲಿ ಅದೂ ಲೆಕ್ಕಕ್ಕೆ ಬರುತ್ತೆ, ಹಸುವಿನ ಹೊಟ್ಟೆಗೆ ಮಾತ್ರ ಅದನ್ನ ಬಿಚ್ಚೋಕಾಗಲ್ಲ. ಹಾಗೇ ಹಿಂದಿನಿಂದ ಹೊರಗೆ ಹೋಗುತ್ತೆ. ವಾಸನೆಗೆ ಮರುಳಾಗಿ ತಿಂತವೆ ಪಾಪ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೂ ಬಂದು, ಹೊಟ್ಟೆಗೂ ಇಳಿದು, ದಕ್ಕದೆ ಹೋಗಿತ್ತು. ಗಂಟಾದದ್ದೆಷ್ಟು ಎಂದು ತಿಳಿಯುವ ಇನ್ನೊಂದು ಪರೀಕ್ಷೆ ಮಾಡಿಸಿದರು. ಹದಿನಾರರಲ್ಲಿ ಹತ್ತಿರಹತ್ತಿರ ಅರ್ಧ ಗಂಟಾಗಿತ್ತು.

ಯಾಕೆ ಬೆಂದಿತೆಂದು ಬ್ರೋನ್ವಿನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಕಳೆದ ನವೆಂಬರಿನಲ್ಲಿ, ಇಲ್ಲಿಯ ಬೇಸಿಗೆ ಶುರುವಾಗುವಾಗ, ಅವಳೂ ಅಲ್ಲೇ ಇದ್ದಳು. ಕೊಯ್ದ ಹುಲ್ಲು ಬಡಗಣ ಬಿಸಿಗಾಳಿಗೆ ಬೇಕಾದ್ದಕ್ಕಿಂತ ಹೆಚ್ಚು ಒಣಗಿತ್ತು. ಬಣವೆ ಒಟ್ಟಿ, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿದ್ದು ಮರ್ವ್. ಮಂಡಿ ನೋವು, ಬೇಗ ಇಳಿದಿದ್ದ; ಒಳಗೆ ಉಳಿದ ಗಾಳಿಯೇ ಮೇವನ್ನು ಕಾಯಿಸುವುದು. ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಬಣವೆಗೆ ಅವತ್ತೇ ಪ್ಲಾಸ್ಟಿಕ್ ಹೊದಿಸಿ, ಹಳೇ ಟೈರು ಹೇರಿ, ಗಾಳಿ ಹೋಗದಂತೆ ಮುಚ್ಚಬೇಕು. ಆದರೆ ಈ ಕಣಿವೆಯಲ್ಲಿ ಒಂದು ಪದ್ಧತಿ: ಬಣವೆ ಮುಚ್ಚುವುದಕ್ಕೆ ನೆರೆಯವರೆಲ್ಲ ಬರಬೇಕು. ಟೈರು ಕೈಯಿಂದ ಕೈಗೆ ಹೋಗಬೇಕು, ಆಮೇಲೆ ಬಿಯರು, ಸಾಸೇಜು. ಹಿಂದೆ ನಾಲ್ಕು ಮನೆಯವರು ಬರುತ್ತಿದ್ದರು. ಮೂರು ಮನೆಯವರು ಹಸು ಬಿಟ್ಟರು, ಉಳಿದದ್ದು ಮಕೀ ಕುಟುಂಬ ಒಂದೇ. ಅವರು ಮೆಲ್ಬರ್ನ್ ಕುದುರೆ ರೇಸಿಗೆಂದು ಹೊಸ ಟೋಪಿ ಹಾಕಿಕೊಂಡು ಹೋಗಿದ್ದರು.

"ನಾವಿಬ್ರೇ ಮುಚ್ಚಿಬಿಡೋಣ ಅಪ್ಪಾ," ಎಂದಿದ್ದಳು ಅವಳು.

"ಯಾಕೆ, ನಮಗೇನು ಊರಲ್ಲಿ ಯಾರೂ ಇಲ್ವಾ? ಮಕೀ ಬರ್ಲಿ. ಅವನ ಬಣವೆಗೆ ನಾನು ಕೈ ಹಾಕಿಲ್ವಾ?"

ಎರಡು ದಿನ ಬಣವೆ ಬಾಯಿ ತೆರೆದುಕೊಂಡು ಬಿಸಿಗಾಳಿಯಲ್ಲಿ ಕೂತಿತ್ತು. ಮಕೀಗಳು ಬಂದರು, ಟೈರು ಹೇರಿದರು, ಬಿಯರು ಕುಡಿದರು. ಮರ್ವ್ ಅವತ್ತು ಎಷ್ಟು ಖುಷಿಯಾಗಿದ್ದ ಎಂಬುದೇ ಅವಳಿಗೆ ಈಗ ನೆನಪಾಯಿತು.

ಮೇವಿನ ಕೊರತೆ ತುಂಬಲು, ಸಾಸಿವೆಯ ಜಾತಿಯ ಕನೋಲಾ ಹಿಂಡಿ ತರಿಸಿದಳು. ವಾರ ಕಳೆಯುವುದರೊಳಗೆ ಅಳತೆಗೋಲಿನ ಮೇಲೆ ಹಾಲು ಏರತೊಡಗಿತು, ಯೂರಿಯಾ ಏರಿತು, ಸಗಣಿ ಸಡಿಲವಾಯಿತು. ಗೆದ್ದೆ ಎಂದು ಕುಣಿಯಬೇಕಾದವಳು ಇನ್ನೂ ಹೆಚ್ಚು ಗೊಂದಲಕ್ಕೆ ಬಿದ್ದಳು. ಯಾಕೆಂದರೆ ಹಿಂಡಿಯ ಲಾರಿ ಅಂಗಳಕ್ಕೆ ಬಂದದ್ದನ್ನು ಮರ್ವ್ ನೋಡಿದ್ದ.

"ಅಂತೂ ಸೋತೆ ಅಂತ ಒಪ್ಕೊಂಡೆ," ಎಂದ. ದನಿಯಲ್ಲಿ ಗೆದ್ದ ಸಂತೋಷವೂ ಇರಲಿಲ್ಲ. "ನಮ್ಮ ಮೇವಲ್ಲಿ ನಿನ್ನ ಕೈಲಿ ಆಗ್ಲಿಲ್ಲ. ಹೋಗ್ಲಿ ಬಿಡು, ಎಲ್ಲರಿಗೂ ಆಗೋ ಕೆಲಸ ಅಲ್ಲ ಇದು. ಲಾಕಿಗೆ ನಾಳೆ ಬಾ ಅಂದಿದ್ದೀನಿ."

ಹೇಳಿದರೆ ಅಪ್ಪನ ಮೂಗು ಹೋಗುತ್ತದೆ. ಮಂಡಿ ಹೋಗಿದೆ, ಹೆಂಡತಿ ಹೋಗಿದ್ದಾಳೆ, ನೆರೆಯವರು ಹೋಗಿದ್ದಾರೆ. ಆ ಮುದುಕನಿಗೆ ಉಳಿದಿರುವುದು ಆ ಮೂಗೊಂದೇ. ಹೇಳದಿದ್ದರೆ ಹಸುಗಳು ಹೋಗುತ್ತವೆ. ಇದರಲ್ಲಿ ಯಾವುದು ಸರಿ ಎಂದು ಯಾವ ಇಂಗ್ರಿಡ್‌ಳನ್ನು ಕೇಳುವುದು? ಅವಳಿಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು, ಎರಡರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಸಂಜೆ ಟೀ ಹೊತ್ತಿಗೆ, ಎಸೆಯಲು ಮನಸ್ಸಾಗದೆ ಡಬ್ಬಿಯಲ್ಲಿಟ್ಟಿದ್ದ ಸುಟ್ಟ ಬಿಸ್ಕತ್ತನ್ನು ಅವನ ಮುಂದಿಟ್ಟಳು.

"ಮೂಸಿ ನೋಡಪ್ಪ."

ಮೂಸಿದ. "ಸೀದು ಹೋಗಿದೆ."

"ಇನ್ನೊಂದ್ಸಲ."

ಅವನು ಇನ್ನೊಮ್ಮೆ ಮೂಸಿದ. ಈ ಸಲ ಕಿಟಕಿಯಾಚೆ ಗುಡ್ಡದ ಕಡೆ ನೋಡಿದ. ಅವಳು ಎಲ್ಲ ಹೇಳಿದಳು. ಬೆಂದದ್ದು, ಗಂಟಾದದ್ದು, ಎರಡು ದಿನ ತೆರೆದಿಟ್ಟದ್ದು. ತಡವರಿಸಿ, ಹಿಂದುಮುಂದಾಗಿ, ನಡುವೆ ಅತ್ತು ಹೇಳಿದಳು.

"ನಲವತ್ತು ವರ್ಷದಿಂದ ಇದೇ ವಾಸನೆ ಬರ್ತಿದೆ," ಎಂದ ಮರ್ವ್. "ಆಗ ಹಾಲು ಬರ್ಲಿಲ್ವಾ?"

"ಆಗ ಹಸುಗಳು ಕರು ಹಾಕ್ತಿದ್ದದ್ದು ಈಗಿನ ಹಾಗೆ ಮಾರ್ಚಲ್ಲಲ್ಲ, ಸೆಪ್ಟೆಂಬರಲ್ಲಿ, ವಸಂತಕ್ಕೆ ಅಪ್ಪಾ. ಹಸಿ ಹುಲ್ಲಲ್ಲಿ ಹಾಲು ಬರ್ತಿತ್ತು. ರಸಮೇವು ಹಾಕ್ತಿದ್ದದ್ದು ಚಳಿಗಾಲಕ್ಕೆ, ಹಾಲು ಬತ್ತಿದ ಹಸುಗಳಿಗೆ. ಬರೀ ಹೊಟ್ಟೆ ತುಂಬ್ಸೋಕೆ."

ಅವನು ಬಿಸ್ಕತ್ತನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಸಿಟ್ಟನ್ನು ಹುಡುಕಿದ ಬ್ರೋನ್ವಿನ್‌ಗೆ ಸಿಕ್ಕಿದ್ದು ಅದಲ್ಲ. ತಿಂಗಳಿಡೀ ಕನ್ನಡಿಯಲ್ಲಿ ಕಂಡ ತನ್ನದೇ ತಲೆಬುಡ ತಿಳಿಯದ ಮುಖ ಅಲ್ಲಿತ್ತು.

"ಹಾಗಾದ್ರೆ ನಂಗೆ ಗೊತ್ತಿರೋದ್ರಲ್ಲಿ ಇನ್ನೇನೇನು ಸುಳ್ಳು, ಬ್ರೋನ್?" ಎಂದು ಕೇಳಿದ. ಉತ್ತರಕ್ಕೆ ಕಾಯದೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಲಾಕಿ ಹ್ಯಾಲೊರನ್ ಬಂದ. ಅಗಲ ಟೋಪಿ, ಅಗಲ ನಗು, ಗಾಡಿಯ ಹಿಂದೆ ಬಣ್ಣದ ಡಬ್ಬಿ. ಮರ್ವ್ ತಿಂಡಿಗೂ ಬಂದಿರಲಿಲ್ಲ. ಲಾಕಿಯ ಗಾಡಿಯ ಸದ್ದಿಗೆ ಕೋಟು ಹಾಕಿಕೊಂಡು ಹೊರಗೆ ಬಂದ. ಮಗಳ ಕಡೆ ನೋಡಲಿಲ್ಲ. ಮೂವರೂ ಬಣವೆಯ ಹತ್ತಿರ ಹೋದರು, ಹಸುಗಳು ಅಲ್ಲೇ ಪಕ್ಕದ ಬೇಲಿಯ ಆಚೆ ಮೇವಿಗೆ ಕಾಯುತ್ತಿದ್ದವು. ಬ್ರೋನ್ವಿನ್‌ಗೆ ಅಪ್ಪ ಏನು ಮಾಡುತ್ತಾನೆಂದು ಒಂದಿಷ್ಟೂ ತಿಳಿಯುತ್ತಿರಲಿಲ್ಲ.

ಲಾಕಿ ಹಸು ನೋಡುವ ಮೊದಲು ಬಣವೆಗೆ ಕೈ ಹಾಕಿ ಒಂದು ಹಿಡಿ ಕಿತ್ತು ಮೂಗಿಗೆ ಹಿಡಿದ. "ಆಹಾ! ಏನ್ ಘಮ್ಮನ್ನುತ್ತೆ ಮಾರಾಯ! ನಾನು ದಿನಾ ಎಷ್ಟು ಬಣವೆ ನೋಡ್ತೀನಿ, ನಿನ್ನ ಥರ ಯಾರೂ ಮಾಡಲ್ಲ. ಹಸು ಮಾರಿದ್ರೂ ಈ ವಿದ್ಯೆ ಯಾರಿಗಾದ್ರೂ ಹೇಳ್ಕೊಡು ಮರ್ವ್, ನಿನ್ನ ಜೊತೇಲೇ ಹೋಗ್ಬಾರ್ದು."

ಬ್ರೋನ್ವಿನ್ ತನ್ನ ಬೂಟು ನೋಡಿಕೊಂಡಳು. ಅಪ್ಪ ಹೂಂ ಎನ್ನಲಿ, ಹಸು ಹೋದರೆ ಹೋಗಲಿ, ಈ ಒಂದು ಮಾತಿಗಾದರೂ ಹೂಂ ಎನ್ನಲಿ ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನ್ನಿಸಿತು ಅವಳಿಗೆ.

ಮರ್ವ್ ಆ ಹಿಡಿ ಮೇವನ್ನು ಲಾಕಿಯ ಕೈಯಿಂದ ತೆಗೆದುಕೊಂಡ. ಕಣ್ಣು ಮುಚ್ಚಿ ಮೂಸಿದ. ಬಹಳ ಹೊತ್ತು ಮೂಸಿದ.

"ನಂಗೆ ಈಗ್ಲೂ ಚೆನ್ನಾಗೇ ಅನ್ಸುತ್ತೆ," ಎಂದ ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಇದು ಸುಟ್ಟ ಮೇವು ಕಣೋ ಲಾಕಿ. ಸುಟ್ಟವನು ನಾನು."

ಲಾಕಿ ನಕ್ಕ. ಇಬ್ಬರೂ ನಗದೆ ಇದ್ದದ್ದನ್ನು ನೋಡಿ ನಿಲ್ಲಿಸಿದ. ಅಪ್ಪನನ್ನು ನೋಡಿದ, ಮಗಳನ್ನು ನೋಡಿದ, ಬಣವೆಯನ್ನು ನೋಡಿದ. "ಹಾಗಾದ್ರೆ... ಹಸುಗಳ ಮಾತು?"

"ನನ್ನನ್ನೇನು ಕೇಳ್ತೀಯಾ? ಸುಟ್ಟ ಮೇವಲ್ಲಿ ಹಸುಗಳನ್ನ ಉಳಿಸಿದವಳು ಅಲ್ಲಿ ನಿಂತಿದ್ದಾಳೆ. ಹಸುಗಳೂ ಅವಳವೇ. ಅವಳನ್ನ ಕೇಳು."

ಲಾಕಿ ಅವಳ ಕಡೆ ತಿರುಗಿದ. ಬ್ರೋನ್ವಿನ್ ಬೇಲಿಯ ಗೂಟಕ್ಕೆ ಕೈಯಿಟ್ಟಳು. "ಮಾರಲ್ಲ," ಎಂದಳು.

ಬೇಲಿಯ ಆಚೆಯಿಂದ ಪ್ಯಾನ್ಸಿ ಮೇವಿಗಾಗಿ ಕೂಗಿತು. ಮರ್ವ್ ಕೈಯಲ್ಲಿದ್ದ ಹಿಡಿ ಮೇವನ್ನು ಕೆಳಗೆ ಹಾಕಲಿಲ್ಲ. ಅದನ್ನು ಕೋಟಿನ ಜೇಬಿಗೆ ತುರುಕಿಕೊಂಡು, ಮಂಡಿ ಎಳೆಯುತ್ತ ಮನೆಯ ಕಡೆಗೆ ನಡೆದ.